ಸೊನ್ನೆ ನೀರು

ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಗಾಜಿನ ಲೋಟಗಳಿದ್ದವು. ಒಂದರಲ್ಲಿ ನಲ್ಲಿಯ ನೀರು, ಇನ್ನೊಂದರಲ್ಲಿ ಕಂಪನಿಯ ಕ್ಯಾನಿನ ನೀರು. ನೋಡುವುದಕ್ಕೆ ಎರಡೂ ಅವಳಿ ಮಕ್ಕಳ ಹಾಗೆ ಒಂದೇ ತರಹ. ಮಗ ಹೊಸ ಅಂಗಿಯ ತೋಳು ಮಡಚಿಕೊಂಡು ಕೈಚೀಲದಿಂದ ಒಂದು ಪುಟ್ಟ ಕಪ್ಪು ಯಂತ್ರವನ್ನು ತೆಗೆದ. ಅದರ ಅಡಿಯಿಂದ ನಾಲ್ಕು ಲೋಹದ ಸರಳುಗಳು ಇಳಿಬಿದ್ದಿದ್ದವು.

"ಅಮ್ಮ, ಒಲೆ ಸಣ್ಣ ಮಾಡಿ ಸ್ವಲ್ಪ ಈ ಕಡೆ ತಿರುಗು. ನೀನು ಗಿರಾಕಿ, ನಾನು ಕಂಪನಿಯವನು."

"ಗಿರಾಕಿ ಅಂದ್ಮೇಲೆ ಕೂರೋಕೆ ಕುರ್ಚಿ ಹಾಕು ಮತ್ತೆ," ಎಂದು ತಾಯಿ ನಕ್ಕಳು.

ಬಾಗಿಲಿಗೆ ಒರಗಿ ಕಾಫಿ ಕುಡಿಯುತ್ತಿದ್ದ ಅಕ್ಕನಿಗೆ ಕೆಲಸಕ್ಕೆ ಹೊತ್ತಾಗಿತ್ತು. ಆದರೂ ತಮ್ಮನ ನಾಟಕ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅವಳು ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ವಿಭಾಗದಲ್ಲಿದ್ದಳು. ತಮ್ಮನಿಗೆ ಮಾತಿನಮಲ್ಲ ಎಂದು ಹೆಸರಿಟ್ಟವಳು ಅವಳೇ. ಅವನು ಹಿಂದೆ ಚಪ್ಪಲಿ ಅಂಗಡಿಯಲ್ಲಿದ್ದಾಗ, ಕಾಲಿಗೆ ಹತ್ತದ ಚಪ್ಪಲಿಯನ್ನೂ 'ನಡೀತಾ ನಡೀತಾ ಸಡಿಲ ಆಗುತ್ತೆ' ಎಂದು ಮಾರಿ ಕಳಿಸುತ್ತಿದ್ದ. ಈಗ ನೀರಿನ ಕಂಪನಿ ಸೇರಿದ್ದಾನೆ. ಮನೆಮನೆಗೆ ಹೋಗಿ ಕ್ಯಾನು ಹಿಡಿಸುವುದು ಕೆಲಸ.

ಅವನು ಎರಡೆರಡು ಸರಳುಗಳನ್ನು ಒಂದೊಂದು ಲೋಟಕ್ಕೆ ಇಳಿಸಿ ಪ್ಲಗ್ ಹಾಕಿದ. ಕ್ಯಾನಿನ ನೀರು ಅಲುಗಾಡಲಿಲ್ಲ. ನಲ್ಲಿಯ ನೀರಿನಲ್ಲಿ ಮೊದಲು ಸಣ್ಣ ಗುಳ್ಳೆಗಳೆದ್ದವು, ಆಮೇಲೆ ಅದು ಹಳದಿಯಾಯಿತು, ನೋಡುನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿತು. ಕೊಚ್ಚೆಯಂಥ ಚೂರುಗಳು ತೇಲತೊಡಗಿದವು.

ಮಗ ದನಿ ತಗ್ಗಿಸಿದ. ದನಿ ಏರಿಸಿದರೆ ಜನ ವಾದಕ್ಕಿಳಿಯುತ್ತಾರೆ, ತಗ್ಗಿಸಿದರೆ ಹೆದರುತ್ತಾರೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. "ನಾವು ದಿನಾ ಕುಡಿಯೋದು ಇದು, ಅಮ್ಮ. ಸಮುದ್ರದ ನೀರನ್ನ ಸೋಸಿ ನಲ್ಲಿಗೆ ಬಿಡ್ತಾರಲ್ಲ, ಸೋಸಿದ ಮೇಲೂ ಉಳಿಯೋ ಉಪ್ಪು, ಲವಣ, ಕಸ. ಹೊಟ್ಟೆಗೆ ಹೋಗುತ್ತೆ, ರಕ್ತಕ್ಕೆ ಹೋಗುತ್ತೆ, ಕಿಡ್ನಿಯಲ್ಲಿ ಕೂತ್ಕೊಳ್ಳುತ್ತೆ. ಸದ್ದಿಲ್ಲದೆ."

ಆ ಊರಿನವರೆಲ್ಲ ಕುಡಿಯುತ್ತಿದ್ದುದು ಕಡಲತೀರದ ಕಾರ್ಖಾನೆಯಲ್ಲಿ ಸಿಹಿ ಮಾಡಿದ ಸಮುದ್ರದ ನೀರನ್ನೇ. ವರ್ಷಗಳಿಂದ ಕುಡಿದು ಚೆನ್ನಾಗಿಯೇ ಇದ್ದರು. ಆದರೂ ಸಮುದ್ರ ಎಂದರೆ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇದ್ದೇ ಇತ್ತು. ಕಂಪನಿಯವರು ಕೈಯಿಟ್ಟದ್ದು ಸರಿಯಾಗಿ ಅದೇ ಜಾಗಕ್ಕೆ.

ತಾಯಿಯ ಮುಖದ ನಗು ಆರಿಹೋಗಿತ್ತು. ಅವಳು ಲೋಟವನ್ನು ಮುಟ್ಟದೆ ಬಗ್ಗಿ ನೋಡಿದಳು. "ನಿಮ್ಮಪ್ಪಂಗೂ ಕೊನೆಗೆ ಕಿಡ್ನೀನೇ ಅಲ್ವೇನೋ ಹೋಗಿದ್ದು," ಎಂದಳು. "ಇಷ್ಟು ವರ್ಷ ನಾನೇ ನನ್ನ ಕೈಯಾರೆ ತುಂಬಿ ತುಂಬಿ ಕೊಟ್ಟೆ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಅಪ್ಪನಿಗಿದ್ದದ್ದು ಹಳೆಯ ಸಕ್ಕರೆ ಕಾಯಿಲೆ ಎಂದು ಮಗನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಕ್ಷಣ ಅವನಿಗೆ ಹೊಳೆದದ್ದು ಬೇರೆ: 'ಸದ್ದಿಲ್ಲದೆ' ಎನ್ನುವ ಮುಂಚೆ ಒಂದು ಗಳಿಗೆ ತಡೆದರೆ ಇನ್ನೂ ಚೆನ್ನಾಗಿ ನಾಟುತ್ತದೆ. ಅಮ್ಮನಂಥ ಗಟ್ಟಿ ಹೆಂಗಸೇ ಹೆದರಿದಳೆಂದರೆ ಉಳಿದವರ ಪಾಡೇನು ಎಂದು ಒಳಗೊಳಗೇ ಹಿಗ್ಗಿದ.

"ನಮ್ಮ ಹೋಟೆಲಲ್ಲೂ ಇಂಥ ಏನೂ ಇಲ್ಲದ ಸೊನ್ನೆ ನೀರೇ ತರಿಸ್ತೀವಿ ಕಣೋ," ಎಂದಳು ಅಕ್ಕ, ಕಾಫಿ ಲೋಟ ತೊಳೆದಿಡುತ್ತ. "ಹಬೆ ಇಸ್ತ್ರಿಪೆಟ್ಟಿಗೆಗೆ. ಉಪ್ಪಿನಂಶ ಇರಬಾರದು, ತೂತು ಕಟ್ಟಿಕೊಳ್ಳುತ್ತೆ. ಅಮ್ಮ ಏನು ಇಸ್ತ್ರಿಪೆಟ್ಟಿಗೆನಾ?"

ಮಗ ನಕ್ಕ. ತಾಯಿ ನಗಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ನಲ್ಲಿ ಇದ್ದೂ ಇಲ್ಲದಂತಾಯಿತು. ಸಿಬ್ಬಂದಿಗೆ ಕ್ಯಾನು ಕಡಿಮೆ ದರದಲ್ಲಿ ಸಿಗುತ್ತಿದ್ದುದರಿಂದ ತಾಯಿಗೆ ತಡೆಯೇ ಇರಲಿಲ್ಲ. ಮೊದಲು ಕುಡಿಯುವುದಕ್ಕೆ ಮಾತ್ರ ಎಂದಳು. ಆಮೇಲೆ ಅನ್ನಕ್ಕೆ, ಆಮೇಲೆ ತರಕಾರಿ ತೊಳೆಯುವುದಕ್ಕೆ, ಕೊನೆಗೆ ಬಾಯಿ ಮುಕ್ಕಳಿಸುವುದಕ್ಕೂ ಅದೇ ಆಯಿತು. ಸ್ನಾನ ಮಾಡುವಾಗ ತುಟಿ ಬಿಗಿಹಿಡಿದುಕೊಂಡಿರುತ್ತಿದ್ದಳು, ಎಲ್ಲಿ ಒಂದು ಹನಿ ಒಳಗೆ ಹೋದೀತೋ ಎಂದು.

ಅವಳಿಗೆ ರಕ್ತದೊತ್ತಡವಿತ್ತು. ಮೈಯ ನೀರು ಇಳಿಸುವ ಮಾತ್ರೆಯೊಂದನ್ನು ದಿನವೂ ನುಂಗುತ್ತಿದ್ದಳು. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು, ಅವಳು ಕಡಿಮೆ ಮಾಡಿಯೂ ಇದ್ದಳು. ಈಗ ಪೂರ್ತಿ ಬಿಟ್ಟಳು. ಲೋಟದಲ್ಲಿ ತೇಲಿದ ಆ ಕೊಚ್ಚೆ ಉಪ್ಪಿನದೇ ಎಂದು ಮಗನೇ ಹೇಳಿದ ಮೇಲೆ ಅದನ್ನು ಚಿಟಿಕೆಯಷ್ಟಾದರೂ ಹೇಗೆ ಬಾಯಿಗಿಡುವುದು? ಮಕ್ಕಳಿಗೆ ಬೇರೆ ಬಡಿಸಿ, ತಾನು ಸಪ್ಪೆ ಅನ್ನ, ಸಪ್ಪೆ ತರಕಾರಿ ತಿಂದು ಮೇಲಿಂದ ನೀರು ಕುಡಿಯುತ್ತಿದ್ದಳು. ಕಂಪನಿಯ ಚೀಟಿಯಲ್ಲಿ 'ಒಳಗಿನ ಕೊಳೆಯನ್ನು ತೊಳೆಯಿರಿ' ಎಂದು ಅಚ್ಚು ಹಾಕಿಸಿದ್ದರು. ಬಾಯಾರಿಕೆಗೂ ಅವಳು ಕುಡಿಯುವುದಕ್ಕೂ ಸಂಬಂಧವೇ ಉಳಿಯಲಿಲ್ಲ. ವರ್ಷಗಳ ಕೊಳೆ ತೊಳೆಯಬೇಕಿತ್ತಲ್ಲ.

ಹೆದರಿದವರು ಒಬ್ಬರೇ ಹೆದರಿಕೊಂಡು ಕೂರುವುದಿಲ್ಲ, ಜೊತೆ ಹುಡುಕುತ್ತಾರೆ. ಎದುರುಮನೆಯಲ್ಲಿ ಒಬ್ಬ ಟೈಲರ್ ಹುಡುಗಿ ಇದ್ದಳು. ಗಂಡ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಸುರಿ ಹುಡುಗಿ, ಒಬ್ಬಳೇ, ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ತಾಯಿಗೆ ಅವಳ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಗಳಷ್ಟೇ ಅಕ್ಕರೆ. ಒಂದು ದಿನ ಮಗ ಇಲ್ಲದಾಗ ಅವನ ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದುರುಮನೆಗೆ ಹೋಗಿ ತಾನೇ ಎರಡು ಲೋಟ ಇಟ್ಟು ತೋರಿಸಿ ಬಂದಳು. "ಎರಡು ಜೀವದವಳು ನೀನು, ಈ ವಿಷ ಕುಡೀಬೇಡ," ಎಂದಳು. ಮಾರನೆಯ ದಿನವೇ ಆ ಮನೆಗೂ ಕ್ಯಾನು ಬಂತು. ಸಂಜೆ ವಿಷಯ ತಿಳಿದ ಮಗ "ಅಮ್ಮ, ನಿನಗೇ ಕೆಲಸ ಕೊಡಿಸಬೇಕು," ಎಂದು ಬೆನ್ನು ತಟ್ಟಿದ.

ತಾಯಿಗೆ ಮೊದಲು ಕಾಲು ಹಿಡಿದುಕೊಳ್ಳಲು ಶುರುವಾಯಿತು. ಬೆಳಗಿನ ಜಾವ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ತಾಯಿ ನರಳುತ್ತಿದ್ದಳು, ಅಕ್ಕ ಎದ್ದು ತಿಕ್ಕುತ್ತಿದ್ದಳು. ಆಮೇಲೆ ತಲೆನೋವು. ಆಮೇಲೆ ಊಟ ಕಂಡರೆ ಓಕರಿಕೆ. ಒಲೆಯ ಮೇಲೆ ಪಾತ್ರೆ ಇಟ್ಟು ಹೊತ್ತಿಸುವುದನ್ನೇ ಮರೆತು ಕಾಯುತ್ತ ನಿಲ್ಲುತ್ತಿದ್ದಳು.

"ಡಾಕ್ಟರ ಹತ್ರ ಹೋಗೋಣ," ಎಂದಳು ಅಕ್ಕ.

"ಮೈಯೊಳಗಿನ ಕೊಳೆ ಹೊರಗೆ ಬರೋವಾಗ ಹಾಗಾಗುತ್ತಂತೆ," ಎಂದ ಮಗ. ಗಿರಾಕಿಗಳು ದೂರು ಹೇಳಿದರೆ ಕೊಡಬೇಕಾದ ಉತ್ತರ ಅದು. ಮನೆಯಲ್ಲೂ ಅದೇ ಬಾಯಿಗೆ ಬಂತು. "ನೀರು ಸಾಲ್ತಿಲ್ಲ ಅಷ್ಟೇ. ಇನ್ನೊಂದು ಲೋಟ ಕುಡಿ ಅಮ್ಮ."

ತಾಯಿ ಕುಡಿದಳು. ಮಗ ಹೇಳಿದ ಮೇಲೆ ಅದಕ್ಕೆ ಎದುರು ಮಾತಿರಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದವನಿಗೆ ತಾಯಿ ನಡುಮನೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದುದು ಕಾಣಿಸಿತು. ಅವನು ಚಪ್ಪಲಿ ಬಿಡುತ್ತಿದ್ದಂತೆ ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬನ್ನಿ, ಕೂತ್ಕೊಳ್ಳಿ," ಎಂದಳು. "ನೀವು ಯಾರ ಕಡೆಯವರು ಗೊತ್ತಾಗಲಿಲ್ಲ. ಮನೇಲಿ ಯಾರೂ ಇಲ್ಲ, ಮಗ ಈಗ ಬರ್ತಾನೆ."

ಅವನು ತಮಾಷೆ ಎಂದುಕೊಂಡ. ಗಿರಾಕಿಯ ಆಟವನ್ನೇ ಮುಂದುವರಿಸುತ್ತಿದ್ದಾಳೆ ಎಂದುಕೊಂಡು "ಅಮ್ಮ, ಹಸಿವಾಗ್ತಿದೆ," ಎಂದ. ತಾಯಿ ಅವನ ಮುಖವನ್ನು ನೋಡಿದಳು. ಆ ಕಣ್ಣುಗಳಲ್ಲಿ ಅವನು ಇರಲೇ ಇಲ್ಲ. ಹುಟ್ಟಿದಾಗಿನಿಂದ 'ಲೋ', 'ಬಾರೋ', 'ತಿನ್ನೋ' ಎಂದವಳ ಬಾಯಿಂದ ಬಂದ ಆ ಬಹುವಚನ ಅವನ ಎದೆಗೆ ತಣ್ಣಗೆ ಇಳಿಯಿತು.

"ಬಿಸಿಲಲ್ಲಿ ಬಂದಿದ್ದೀರ. ನೀರು ಕೊಡ್ತೀನಿ ಇರಿ, ಒಳ್ಳೇ ನೀರು, ನಮ್ಮ ಮಗನ ಕಂಪನೀದು," ಎಂದು ತಾಯಿ ಒಳಗೆ ತಿರುಗಿದವಳು ಎರಡು ಹೆಜ್ಜೆ ಇಡುವುದರೊಳಗೆ ಕುಸಿದಳು. ಕೈಕಾಲು ಸೆಟೆದುಕೊಂಡವು. ಕಣ್ಣಾಲಿ ಮೇಲಕ್ಕೆ ಹೋಯಿತು. ದವಡೆ ಕಚ್ಚಿಕೊಂಡು ಮೈಯೆಲ್ಲ ಅದುರತೊಡಗಿತು. ಅವನು ಕೂಗಿಕೊಂಡ ಸದ್ದಿಗೆ ಎದುರುಮನೆಯ ಹೊಲಿಗೆ ಯಂತ್ರ ನಿಂತಿತು. ಬಸುರಿ ಹುಡುಗಿ ಏದುಸಿರು ಬಿಡುತ್ತ ಓಡಿಬಂದು, ತಾಯಿಯನ್ನು ಪಕ್ಕಕ್ಕೆ ಹೊರಳಿಸಿ, ಆಂಬುಲೆನ್ಸಿಗೆ ಫೋನು ಮಾಡಿದಳು. ಊರನ್ನೆಲ್ಲ ಮಾತಿನಲ್ಲಿ ಗೆದ್ದವನಿಗೆ ಆಗ ಮನೆಯ ವಿಳಾಸ ಹೇಳುವುದಕ್ಕೂ ನಾಲಿಗೆ ಹೊರಳಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಫಲಿತಾಂಶ ಹಿಡಿದುಕೊಂಡು ಬಂದ ಡಾಕ್ಟರಮ್ಮ ದಣಿದಿದ್ದರು, ಆದರೆ ಅವಸರ ಮಾಡಲಿಲ್ಲ. "ರಕ್ತದಲ್ಲಿ ಉಪ್ಪಿನಂಶ ತುಂಬಾ ಕೆಳಗಿಳಿದಿದೆ. ಮಿದುಳು ಬಾತುಕೊಂಡಿದೆ, ಅದಕ್ಕೇ ಫಿಟ್ಸು. ಮೆಗ್ನೀಷಿಯಂ ಕೂಡ ಕಡಿಮೆ ಇದೆ. ಊಟ ಹೇಗೆ ಮಾಡ್ತಿದ್ರು? ನೀರು ಎಷ್ಟು ಕುಡೀತಿದ್ರು?"

"ಶುದ್ಧವಾದ ನೀರೇ ಡಾಕ್ಟ್ರೇ," ಎಂದ ಅವನು.

"ನಾನು ಕೇಳಿದ್ದು ಎಷ್ಟು ಅಂತ."

ಕೆಲಸದ ಬಟ್ಟೆಯಲ್ಲೇ ಓಡಿಬಂದಿದ್ದ ಅಕ್ಕ ಎಲ್ಲವನ್ನೂ ಹೇಳಿದಳು: ಸಪ್ಪೆ ಊಟ, ಮಾತ್ರೆ, ಕ್ಯಾನಿನ ಮೇಲೆ ಕ್ಯಾನು, ಕಾಲುನೋವಿಗೂ ನೀರು, ತಲೆನೋವಿಗೂ ನೀರು.

ಡಾಕ್ಟರಮ್ಮ ಉಸಿರುಬಿಟ್ಟರು. "ನೀರೊಂದೇ ತಪ್ಪು ಮಾಡ್ತು ಅಂತ ಹೇಳಲ್ಲ. ಆ ಮಾತ್ರೆ ಉಪ್ಪನ್ನ ಹೊರಗೆ ತಳ್ಳುತ್ತೆ. ಇವರು ಒಳಗೆ ಹೋಗೋ ಉಪ್ಪನ್ನ ಪೂರ್ತಿ ನಿಲ್ಲಿಸಿದ್ರು. ಅದರ ಮೇಲೆ ಬಾಯಾರಿಕೆ ಇಲ್ಲದಿದ್ರೂ ಕೊಡಗಟ್ಟಲೆ ನೀರು, ಅದೂ ಏನೂ ಇಲ್ಲದ ನೀರು. ಚೆನ್ನಾಗಿ ಉಣ್ಣೋರಿಗೆ ಬೇಕಾದ್ದು ಊಟದಲ್ಲೇ ಸಿಗುತ್ತೆ. ಇಂಥವರಿಗೆ ನೀರಿನಲ್ಲಿರೋ ಅಷ್ಟಿಷ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ ಲೆಕ್ಕಕ್ಕೆ ಬರುತ್ತೆ. ಸಮುದ್ರದ ನೀರನ್ನ ಸಿಹಿ ಮಾಡಿದ ಮೇಲೆ ಅದಕ್ಕೇ ಸ್ವಲ್ಪ ಖನಿಜ ಮತ್ತೆ ಸೇರಿಸಿ ನಲ್ಲಿಗೆ ಬಿಡೋದು. ನಿಮ್ಮ ಕ್ಯಾನಿನವರು ಅದನ್ನೂ ತೆಗೆದುಬಿಡ್ತಾರೇನೋ."

"ತೆಗೀತಾರೆ," ಎಂದ ಅವನು ಮೆಲ್ಲಗೆ. ಅದು ಅವನ ಮಾರಾಟದ ಮುಖ್ಯ ಮಾತಾಗಿತ್ತು.

"ಅಮ್ಮ ಉಳೀತಾಳಾ ಡಾಕ್ಟ್ರೇ?" ಅಕ್ಕ ಕೇಳಿದಳು.

"ಉಪ್ಪು ನೀರು ಹನಿಹನಿಯಾಗಿ ಏರಿಸ್ತಿದ್ದೀವಿ. ಬೇಗ ಏರಿಸಿದ್ರೆ ಮಿದುಳಿಗೇ ಪೆಟ್ಟು, ತಡ ಮಾಡಿದ್ರೂ ಪೆಟ್ಟು. ಕಾಯಬೇಕು."

ಕಾಯುವುದು ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಗಾಜಿನ ಬಾಗಿಲಿನ ಆಚೆ ಸ್ಟ್ಯಾಂಡಿಗೆ ತೂಗುಹಾಕಿದ್ದ ಚೀಲದಿಂದ ಹನಿ ಬೀಳುವುದನ್ನೇ ನೋಡುತ್ತ ನಿಂತ. ಒಂದು ಹನಿ ಬಿದ್ದ ಮೇಲೆ ಇನ್ನೊಂದು ಬೀಳುವವರೆಗೆ ಎಣಿಸುತ್ತಿದ್ದ. ಯಾವ ಉಪ್ಪನ್ನು ಕಸ ಎಂದು ಮನೆಮನೆಯಲ್ಲಿ ತೋರಿಸಿ ಬಂದಿದ್ದನೋ ಅದೇ ಉಪ್ಪು ಅಮ್ಮನ ಮೈಗೆ ಬೇಗ ಇಳಿಯಲಿ, ಅಲ್ಲ, ಬೇಗ ಇಳಿಯದಿರಲಿ ಎಂದು ಎರಡನ್ನೂ ಬೇಡಿಕೊಂಡ. ಅಮ್ಮ ಎದ್ದರೂ ತನ್ನನ್ನು ಗುರುತಿಸದೆ 'ನೀವು' ಎಂದೇ ಕರೆದರೆ ಏನು ಗತಿ ಎಂಬ ಹೆದರಿಕೆ ಸಾವಿನ ಹೆದರಿಕೆಗಿಂತ ಜೋರಾಗಿತ್ತು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ," ಎಂದಳು ಅಕ್ಕ, ಬೆಂಚಿನ ಮೇಲೆ ಕುಳಿತು ನೆಲ ನೋಡುತ್ತ. "ನೀನು ಎರಡನ್ನೂ ಒಟ್ಟಿಗೆ ಕಳೆಯೋಕೆ ಹೊರಟೆಯಲ್ಲೋ."

"ನನಗೇನು ಗೊತ್ತಿತ್ತಕ್ಕ?"

"ಗೊತ್ತಿರಲಿಲ್ವಾ?"

ಮಾರನೆಯ ಬೆಳಿಗ್ಗೆ ಅಮ್ಮನ ಬಟ್ಟೆ ತರಲು ಮನೆಗೆ ಬಂದಾಗಲೂ ಆ ಪ್ರಶ್ನೆ ಅವನ ಬೆನ್ನು ಬಿಡಲಿಲ್ಲ. ಕಟ್ಟೆಯ ಮೇಲೆ ಯಂತ್ರ ಬಿದ್ದಿತ್ತು. ಲೋಟಕ್ಕೆ ಕ್ಯಾನಿನ ಸೊನ್ನೆ ನೀರು ಸುರಿದು ಸರಳು ಇಳಿಸಿದ. ಏನೂ ಆಗಲಿಲ್ಲ. ಉಪ್ಪಿನ ಡಬ್ಬಿಯಿಂದ ಒಂದು ಚಿಟಿಕೆ ಹಾಕಿದ. ಕಣ್ಣುಮುಚ್ಚಿ ತೆಗೆಯುವುದರೊಳಗೆ ಆ ಪರಿಶುದ್ಧವಾದ ನೀರು ನಲ್ಲಿ ನೀರಿಗಿಂತ ಹೆಚ್ಚು ಕೊಚ್ಚೆಯಾಯಿತು. ಅಲ್ಲಿ ತೇಲುತ್ತಿದ್ದುದು ನೀರಿನ ಕಸವಲ್ಲ, ಉಪ್ಪೂ ಅಲ್ಲ. ಸರಳಿನ ಕಬ್ಬಿಣವೇ ಕರಗಿ ಉದುರುತ್ತಿತ್ತು. ನೀರಿನಲ್ಲಿ ಒಂದಿಷ್ಟು ಉಪ್ಪಿದ್ದರೆ ಕರೆಂಟು ಹರಿಯುತ್ತದೆ, ಸರಳು ಸವೆಯುತ್ತದೆ. ಅಷ್ಟೇ. ತಿಂಗಳಿಗೊಮ್ಮೆ ಸವೆದ ಸರಳು ಬಿಚ್ಚಿ ಹೊಸದು ಹಾಕುತ್ತಿದ್ದವನು ಅವನೇ. ಸವೆದದ್ದು ಎಲ್ಲಿಗೆ ಹೋಯಿತೆಂದು ಅವನು ಯಾವತ್ತೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದೆ ಇದ್ದದ್ದು ದಡ್ಡತನದಿಂದಲ್ಲ ಎಂಬುದು ಈಗ ಅರ್ಥವಾಗಿ ಅವನು ಕಟ್ಟೆಯ ಮುಂದೆಯೇ ಕುಕ್ಕರುಗಾಲಲ್ಲಿ ಕುಳಿತು ಅತ್ತ.

ಅಷ್ಟರಲ್ಲಿ ಕಂಪನಿಯ ಸೂಪರ್‌ವೈಸರನ ಫೋನು ಬಂತು. ರಜೆ ಯಾಕೆ ಹಾಕಿದೆ ಎಂದು ಕೇಳಿದ. ಇವನು ನಡೆದದ್ದನ್ನೆಲ್ಲ ಹೇಳಿ, "ಆ ಸರಳಿನ ಆಟ ಸುಳ್ಳಲ್ವಾ ಸರ್?" ಎಂದ.

"ನಿಮ್ಮ ತಾಯಿಗೆ ಬೇಗ ಗುಣ ಆಗಲಿ," ಎಂದ ಸೂಪರ್‌ವೈಸರ್. ಅವನೇನೂ ಕೆಟ್ಟವನಲ್ಲ, ದನಿಯಲ್ಲಿ ಮರುಕವಿತ್ತು. "ಆದ್ರೆ ಸುಳ್ಳು ಯಾರು ಹೇಳಿದ್ರು? ನಾವು ಲೋಟ ತೋರಿಸಿದ್ವಿ, ಜನ ಹೆದರಿದ್ರು. ನಮ್ಮ ನೀರಲ್ಲಿ ಒಂದು ರೋಗಾಣು ಇದೆಯಾ ಹೇಳು. ಪೈಪು ಒಡೆದು ನಲ್ಲಿ ನೀರಿಗೆ ಚರಂಡಿ ಸೇರಿಕೊಂಡಾಗ ಇದೇ ಊರು ನಮ್ಮ ಕ್ಯಾನಿನಿಂದ ಬದುಕಿದ್ದು ಮರೆತೆಯಾ?"

ಅದೂ ನಿಜವೇ ಆಗಿತ್ತು. "ಆಗ ಯಾರನ್ನೂ ಹೆದರಿಸಬೇಕಾಗಿರಲಿಲ್ಲವಲ್ಲ ಸರ್," ಎಂದಷ್ಟೇ ಹೇಳಿ ಅವನು ಫೋನಿಟ್ಟ.

ಮೂರನೆಯ ದಿನ ತಾಯಿ ಕಣ್ಣು ತೆರೆದು ಸುತ್ತ ನೋಡಿ, ಮಂಚದ ಪಕ್ಕ ಗಡ್ಡ ಬೆಳೆಸಿಕೊಂಡು ನಿಂತಿದ್ದವನನ್ನು ಕಂಡು, "ಏನೋ ಇದು ಅವತಾರ, ಊಟ ಮಾಡಿದೆಯೇನೋ?" ಎಂದಳು. ಅವನು ಅವಳ ಪಾದಗಳ ಮೇಲೆ ಮುಖವಿಟ್ಟ. ಅಕ್ಕ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಮನೆಗೆ ಕರೆತರುವಾಗ ಡಾಕ್ಟರಮ್ಮ ಮಾತ್ರೆ ಬದಲಿಸಿ, ಅಳತೆಯ ಉಪ್ಪು, ಅಳತೆಯ ನೀರು ಎಂದು ಹೇಳಿದರು. ನಲ್ಲಿ ನೀರೇ ಸಾಕು, ಅದನ್ನು ದಿನವೂ ಪರೀಕ್ಷೆ ಮಾಡುತ್ತಾರೆ ಎಂದರು. ತಾಯಿ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಮಾತ್ರ ಕಥೆ ಬೇರೆಯಾಯಿತು. ಕ್ಯಾನು ಕಂಡರೆ ಆಸ್ಪತ್ರೆ ನೆನಪಾಗಿ ಮುಖ ತಿರುಗಿಸುತ್ತಾಳೆ, ನಲ್ಲಿ ಕಂಡರೆ ಕಣ್ಣಮುಂದೆ ಆ ಕಂದು ಲೋಟ. ಮಾತ್ರೆ ನುಂಗಲು ಒಂದು ಗುಟುಕು, ನಾಲಿಗೆ ಒದ್ದೆ ಮಾಡಲು ಇನ್ನೊಂದು, ಅದೂ ಕಣ್ಣುಮುಚ್ಚಿಕೊಂಡು. ತುಟಿ ಒಣಗಿ ಬಿರುಕುಬಿಟ್ಟಿತು. ಹೀಗೇ ಆದರೆ ಮತ್ತೆ ಆಸ್ಪತ್ರೆಯೇ ಎಂದು ಅಕ್ಕ ಗದರಿದಳು, ಬೇಡಿಕೊಂಡಳು. ತಾಯಿ ಜಗ್ಗಲಿಲ್ಲ.

ಮಗ ಯಂತ್ರ ತಂದು ಎದುರಿಗಿಟ್ಟ. ಸೊನ್ನೆ ನೀರು, ಒಂದು ಚಿಟಿಕೆ ಉಪ್ಪು, ಕೊಚ್ಚೆ. ಎಲ್ಲವನ್ನೂ ತೋರಿಸಿ, ಸವೆದ ಸರಳನ್ನು ಅವಳ ಅಂಗೈಯಲ್ಲಿಟ್ಟ. "ನೀರಲ್ಲಿ ಏನೂ ಇರಲಿಲ್ಲಮ್ಮ. ಈ ಕಬ್ಬಿಣವೇ ಕರಗಿದ್ದು."

ತಾಯಿ ಸರಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅವತ್ತು ನನ್ನನ್ನ ಯಾಕೆ ಹೆದರಿಸಿದೆ?"

"ನೀನು ಹೆದರಿದ್ರೆ ಎಲ್ಲರೂ ಹೆದರ್ತಾರೆ ಅಂತ ಗೊತ್ತಾಗ್ತಿತ್ತು."

"ನಿಮ್ಮಪ್ಪನ ವಿಷಯ ಎತ್ತಿದಾಗ್ಲಾದ್ರೂ ಹೇಳಬಹುದಿತ್ತಲ್ಲೋ. ನಾನೇ ಕೊಂದೆ ಅಂದ್ಕೊಂಡು ದಿನಾ ಸಾಯ್ತಿದ್ದೆ."

ಅವನು ತಲೆ ತಗ್ಗಿಸಿ ಕುಳಿತ. ತಾಯಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕಿಟಕಿಯತ್ತ ತಿರುಗಿ ಎದುರುಮನೆಯನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಗಂಟಿಕ್ಕಿತು.

"ಬೆಳಗಿನಿಂದ ಹೊಲಿಗೆ ಮಿಷಿನ್ ಸದ್ದು ಕೇಳಿಸಿತೇನೋ?"

ಕೇಳಿಸಿರಲಿಲ್ಲ.

"ಅಯ್ಯೋ, ಆ ಹುಡುಗಿ," ಎಂದು ತಾಯಿ ಗೋಡೆ ಹಿಡಿದುಕೊಂಡು ಎದ್ದಳು. ಅಕ್ಕ ತಡೆದರೂ ಕೇಳದೆ ಬರಿಗಾಲಲ್ಲೇ ರಸ್ತೆ ದಾಟಿದಳು. ಇಬ್ಬರೂ ಹಿಂದೆ ಓಡಿದರು.

ಬಾಗಿಲು ಒರಗಿಸಿತ್ತು. ಒಳಗೆ ಬಸುರಿ ಹುಡುಗಿ ಚಾಪೆಯ ಮೇಲೆ ಎರಡೂ ಕಾಲು ಚಾಚಿ, ಮೀನಖಂಡ ಒತ್ತಿಕೊಳ್ಳುತ್ತ ಕುಳಿತಿದ್ದಳು. ಪಕ್ಕದಲ್ಲಿ ಕ್ಯಾನು, ಅದರ ಮೇಲೆ ಮುಚ್ಚಿದ ಲೋಟ. ಅರ್ಧ ಹೊಲಿದ ಬಟ್ಟೆ ಯಂತ್ರದಲ್ಲೇ ಸಿಕ್ಕಿಕೊಂಡಿತ್ತು.

"ಕಾಲು ಹಿಡ್ಕೊಂಡುಬಿಟ್ಟಿದೆ ಅಮ್ಮ, ತುಳಿಯೋಕೇ ಆಗ್ತಿಲ್ಲ," ಎಂದಳು. "ತಲೆನೂ ಸುತ್ತುತ್ತೆ. ನೀವೇ ಹೇಳಿದ್ರಲ್ಲ, ನೀರು ಜಾಸ್ತಿ ಕುಡೀಬೇಕು ಅಂತ, ಕುಡೀತಾನೇ ಇದ್ದೀನಿ. ಉಪ್ಪೂ ಬಿಟ್ಟೆ. ಪಾಪುಗೆ ಏನೂ ಆಗಬಾರದು ಅಂತ."

ತಾಯಿಗೂ ಹೀಗೇ ಕಾಲು ಹಿಡಿದುಕೊಂಡೇ ಶುರುವಾಗಿತ್ತು. ಮಗ ನೆಲದ ಮೇಲೆ ಕುಳಿತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಸರಳಿನ ಆಟ, ಕಬ್ಬಿಣ, ಡಾಕ್ಟರಮ್ಮನ ಮಾತು. ಬಸುರಿಯರಿಗೆ ಕಾಲು ಹಿಡಿಯುವುದು ಬೇರೆ ಕಾರಣಕ್ಕೂ ಇರಬಹುದು, ಆದರೆ ಈಗಲೇ ಹೋಗಿ ತೋರಿಸೋಣ ಎಂದ. ಅಕ್ಕ ಆಗಲೇ ಫೋನು ಹಿಡಿದು ಡಾಕ್ಟರಮ್ಮನನ್ನು ಕೇಳುತ್ತಿದ್ದಳು. ತಲೆಸುತ್ತು ಹೆಚ್ಚಾದರೆ, ವಾಂತಿ ಶುರುವಾದರೆ ತಕ್ಷಣ ಕರೆತನ್ನಿ, ಇಲ್ಲದಿದ್ದರೆ ಸಂಜೆ ಬಂದು ರಕ್ತ ಕೊಡಲಿ, ಅಲ್ಲಿಯವರೆಗೆ ಉಪ್ಪು ಹಾಕಿದ ಊಟ ಮಾಡಲಿ, ಬಾಯಾರಿಕೆಗೆ ಬೇಕಾದಷ್ಟೇ ನಲ್ಲಿ ನೀರು ಕುಡಿಯಲಿ ಎಂದು ಅವರು ಹೇಳಿದರು.

ಹುಡುಗಿ ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಮೊನ್ನೆ ಅದು ವಿಷ ಅಂದ್ರಿ, ಇವತ್ತು ಇದು ಬೇಡ ಅಂತೀರಿ. ನಾಳೆ ಇನ್ನೇನೋ. ನಾನು ಯಾರನ್ನ ನಂಬಲಿ? ನಾನೊಬ್ಬಳೇ ಆಗಿದ್ರೆ ಏನಾದ್ರೂ ಕುಡೀತಿದ್ದೆ. ಈಗ ಆಗಲ್ಲ." ಅವಳು ಕ್ಯಾನನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾನೇ ಕಣ್ಣಾರೆ ನೋಡಿದ್ದೀನಿ ಆ ಲೋಟ."

ಹೆದರಿಸುವ ಮಾತುಗಳಷ್ಟೇ ಮಗನಿಗೆ ಬರುತ್ತಿದ್ದವು. ಹೆದರಿಕೆ ಬಿಡಿಸುವ ಮಾತನ್ನು ಅವನಿಗೆ ಯಾವ ತರಬೇತಿಯಲ್ಲೂ ಯಾರೂ ಕಲಿಸಿರಲಿಲ್ಲ.

ತಾಯಿ ನಿಧಾನವಾಗಿ ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಬಳಸದೆ ಬಹಳ ದಿನವಾಗಿದ್ದರಿಂದ ಅದು ಮೊದಲು ಕೆಮ್ಮಿ, ಆಮೇಲೆ ಸುರಿಯಿತು. ನೀರು ಸ್ವಲ್ಪ ಹೊತ್ತು ಹರಿದುಹೋಗಲು ಬಿಟ್ಟು, ಒಂದು ಲೋಟ ಹಿಡಿದುಕೊಂಡು ಬಂದು, ಹುಡುಗಿಯ ಎದುರಿಗೆ ಕುಳಿತಳು. ಲೋಟ ಎರಡೂ ಕೈಯಲ್ಲಿದ್ದರೂ ನೀರು ತುಳುಕುತ್ತಿತ್ತು. ಅವಳಿಗೆ ಎಷ್ಟು ಹೆದರಿಕೆಯಾಗುತ್ತಿತ್ತು ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಕಣ್ಣುಮುಚ್ಚಲಿಲ್ಲ. ಹುಡುಗಿಯ ಮುಖವನ್ನೇ ನೋಡುತ್ತ ಗುಟುಕು ಗುಟುಕಾಗಿ, ತಳದವರೆಗೂ ಕುಡಿದಳು.

"ಭಯ ಆಗಲಿಲ್ವಾ ಅಮ್ಮ?" ಹುಡುಗಿ ಪಿಸುಗುಟ್ಟಿದಳು.

"ಆಯ್ತು. ಈಗಲೂ ಆಗ್ತಿದೆ." ತಾಯಿ ಸೆರಗಿನಿಂದ ಬಾಯೊರೆಸಿಕೊಂಡಳು. "ನನ್ನ ಮಾತು ನಂಬಬೇಡ, ಇವನ ಮಾತಂತೂ ಬೇಡವೇ ಬೇಡ. ನಾನು ಸಂಜೆವರೆಗೆ ಇಲ್ಲೇ ಕೂತಿರ್ತೀನಿ. ನನಗೇನಾದ್ರೂ ಆಗುತ್ತಾ ನೋಡು. ಏನೂ ಆಗಲಿಲ್ಲ ಅಂದ್ರೆ ಆಮೇಲೆ ನೀನು ಯೋಚನೆ ಮಾಡು."

ಅವಳು ಗೋಡೆಗೊರಗಿ ಕುಳಿತೇಬಿಟ್ಟಳು. ಅಕ್ಕ ಒಲೆ ಹೊತ್ತಿಸಿ ಅನ್ನಕ್ಕಿಟ್ಟಳು. ಮಗ ಹೊಸ್ತಿಲಲ್ಲಿ ಕುಳಿತ. ಈ ಹುಡುಗಿಗೆ ಇವತ್ತು ನೋಡುತ್ತ ಕೂರಲು ಅಮ್ಮನಾದರೂ ಇದ್ದಾಳೆ. ತಾನು ದನಿ ತಗ್ಗಿಸಿ ಮಾತಾಡಿ ಬಂದ ಉಳಿದ ಮನೆಗಳಲ್ಲಿ ಈಗ ಯಾರ ಕಾಲು ಹಿಡಿದುಕೊಂಡಿದೆಯೋ, ಯಾರು ಯಾರಿಗೆ ಇನ್ನೊಂದು ಲೋಟ ಕುಡಿ ಎನ್ನುತ್ತಿದ್ದಾರೋ ಎಂದು ಅವನು ನೆನೆದ. ಫೋನು ತೆಗೆದು ಸೂಪರ್‌ವೈಸರನಿಗೆ ಇನ್ನು ಬರುವುದಿಲ್ಲವೆಂದು ತಿಳಿಸಿದ. ಆಮೇಲೆ ಒಂದೊಂದೇ ಮನೆಯ ನಂಬರನ್ನು ಹುಡುಕಿ, "ನಿಮ್ಮ ಮನೆಗೆ ಇನ್ನೊಂದು ಸಲ ಬರಬೇಕಿತ್ತು, ನಾನು ತೋರಿಸಿದ್ದು ತಪ್ಪು," ಎನ್ನತೊಡಗಿದ. ಕೆಲವರು ಬೈದು ಫೋನಿಟ್ಟರು. ಅವನು ಮುಂದಿನ ನಂಬರು ಒತ್ತಿದ.

ಹುಡುಗಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಬಿಸಿಲು ಹೊಲಿಗೆ ಯಂತ್ರದಿಂದ ಇಳಿದು ಚಾಪೆಗೆ ಬಂತು, ಚಾಪೆಯಿಂದ ಗೋಡೆಗೆ ಹೋಯಿತು. ತಾಯಿ ಒಮ್ಮೆ ಆಕಳಿಸಿದಳು. ಹುಡುಗಿ ಬೆಚ್ಚಿ ಮುಂದಕ್ಕೆ ಬಾಗಿದಳು.

"ನಿದ್ದೆ ಕಣೇ," ಎಂದಳು ತಾಯಿ. "ಅಷ್ಟೇ."

ಅಕ್ಕ ಉಪ್ಪು ಹಾಕಿದ ಊಟ ಬಡಿಸಿದಳು. ಹುಡುಗಿ ತಟ್ಟೆಗೆ ಕೈಯಿಕ್ಕಲಿಲ್ಲ. ನೆಲಕ್ಕೆ ಕೈಯೂರಿ ಎದ್ದಳು. ಕುಂಟುತ್ತ ಅಡುಗೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದಳು. ತಾಯಿ ಗೋಡೆಗೊರಗಿ ಕುಳಿತೇ ಇದ್ದಳು, ಕಣ್ಣು ತೆರೆದುಕೊಂಡು, ಇವಳಿಗೆ ಕಾಣುವ ಹಾಗೆ. ಹುಡುಗಿ ನಲ್ಲಿ ತಿರುಗಿಸಿದಳು.